ಫ್ಯಾಷನ್ ಡಿಸೈನಿಂಗ್: ಕಾಮರ್ಸ್ ಓದಿದವರಿಗೆ ದಾರಿ ಇದೆಯಾ?

ಪ್ರಶ್ನೆ (ಮಂಡ್ಯ): ಮೇಡಂ, ನಾನು ಎರಡನೇ ಪಿಯುಸಿ ಕಾಮರ್ಸ್. ಫ್ಯಾಷನ್ ಡಿಸೈನರ್ ಆಗಬೇಕು ಅಂತ ಆಸೆ. ಅಪ್ಪ "ಬಟ್ಟೆ ಹೊಲಿಯೋಕೆ ಡಿಗ್ರಿ ಯಾಕೆ, ಬಿಕಾಂ ಮಾಡು" ಅಂತಾರೆ. ನನಗೆ ಚಿತ್ರ ಬಿಡಿಸೋದೂ ಅಷ್ಟಾಗಿ ಬರಲ್ಲ. ಸೀಟು ಸಿಗುತ್ತಾ?

ಉತ್ತರ (ಮೈಸೂರು, 14 ವರ್ಷದಿಂದ ಬೊಟೀಕ್): ಪ್ರಯತ್ನ ಪಟ್ಟರೆ ಸಿಗಬಹುದಮ್ಮ. ಕೇಂದ್ರ ಸರ್ಕಾರದ ಫ್ಯಾಷನ್ ಕಾಲೇಜು ನಿಫ್ಟ್‌ನಲ್ಲಿ 4 ವರ್ಷದ ಬಿ.ಡಿಸೈನ್ ಪದವಿಗೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಅರ್ಜಿ ಹಾಕಬಹುದು. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲೇ ಕ್ಯಾಂಪಸ್ ಇದೆ. ಮೊದಲು ಬರೆಯುವ ಪರೀಕ್ಷೆ. ಅದು ದಾಟಿದರೆ ಸಿಚುಯೇಶನ್ ಟೆಸ್ಟ್: ಕೊಟ್ಟ ಸಾಮಾನಿನಿಂದ ಕೈಯಾರೆ ಒಂದು ಮಾದರಿ ಮಾಡಬೇಕು. ಹಾಗಾಗಿ ದಿನಾ ಅರ್ಧ ಗಂಟೆ ಚಿತ್ರ ಬಿಡಿಸು, ಕೈ ಪಳಗುತ್ತದೆ.

ಆದರೆ ಚಿತ್ರಕ್ಕಿಂತ ಜಾಸ್ತಿ ಬಟ್ಟೆಯ ಗುಣ ತಿಳಿಯಬೇಕು. ನಾನು ಬೊಟೀಕ್ ಶುರು ಮಾಡಿದ ವರ್ಷ ಮದುಮಗಳೊಬ್ಬಳ ರವಿಕೆಗೆ ಬಟ್ಟೆ ಸಾಲಲಿಲ್ಲ. ಒಂದು ತೋಳನ್ನು ಓರೆಯಾಗಿ ಇಟ್ಟು ಕತ್ತರಿಸಿದೆ. ಮೇಜಿನ ಮೇಲೆ ಚೆನ್ನಾಗೇ ಕಂಡಿತು. ಅವಳು ಹಾಕಿಕೊಂಡು ಕೈ ಎತ್ತಿದಳು ನೋಡು, ಆ ತೋಳಿನ ಹೊಲಿಗೆ ಕಂಕುಳಿಂದ ಮುಂದಕ್ಕೆ ತಿರುಚಿಕೊಂಡಿತು. ಮದುವೆಗೆ ಎರಡೇ ದಿನ. ಆ ಹುಡುಗಿಯ ಮುಖ ಈಗಲೂ ಕಣ್ಣ ಮುಂದಿದೆ.

ಇವತ್ತೇ ಒಂದು ಕಾಟನ್ ತುಂಡು ತಗೊಂಡು ಉದ್ದಕ್ಕೆ ಎಳೆ, ಜಗ್ಗುವುದೇ ಇಲ್ಲ. ಅಡ್ಡಕ್ಕೆ ಎಳೆ, ಸ್ವಲ್ಪ ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ ಎಳೆ, ರಬ್ಬರ್ ಥರ ಹಿಗ್ಗುತ್ತದೆ. ನಾನು ಓರೆಯಾಗಿ ಕತ್ತರಿಸಿದ ರವಿಕೆ ತೋಳು ತಿರುಚಿದ್ದು ಅದಕ್ಕೇ. ಇದು ಗೊತ್ತಿಲ್ಲದೆ ಎಷ್ಟು ಚಂದದ ಚಿತ್ರ ಬರೆದರೂ ಉಡುಪು ಮೈಮೇಲೆ ನಿಲ್ಲಲ್ಲ.

ಅಪ್ಪನಿಗೆ ಹೇಳು, ಹೊಲಿಗೆ ಒಂದೇ ಅಲ್ಲ. ಪ್ಯಾಟರ್ನ್ (ಬಟ್ಟೆ ಕತ್ತರಿಸುವ ಅಚ್ಚು) ಮಾಡುವವರು, ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್, ಕ್ವಾಲಿಟಿ ನೋಡುವವರು, ಸಿನಿಮಾಗೆ ವಸ್ತ್ರವಿನ್ಯಾಸ ಮಾಡುವವರು, ಎಲ್ಲಾ ಈ ದಾರಿಯಲ್ಲೇ ಬರುತ್ತಾರೆ. ಕಾಮರ್ಸ್ ಕೂಡ ಸುಮ್ನೆ ಹೋಗಲ್ಲ. ಮೀಟರ್ ಲೆಕ್ಕ, ಕೂಲಿ, ಲೈನಿಂಗ್, ಕುಚ್ಚು ಎಲ್ಲ ಸೇರಿಸಿ ದರ ಹಾಕೋಕೆ ಬಾರದೆ ಎಷ್ಟೋ ಬೊಟೀಕ್‌ಗಳು ಮುಚ್ಚಿದ್ದು ನೋಡಿದ್ದೀನಿ.

ಪ್ರತಿಕ್ರಿಯೆ (ಮದ್ದೂರು): ನಾನು ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಟೈಲರ್, ಡಿಸೈನರ್ ಕೊಟ್ಟಿದ್ದಕ್ಕೆ ಮೊದಲ ಮಾದರಿ ಹೊಲಿಯೋದು ನಾನೇ. ಮೇಡಂ ಹೇಳಿದ್ದು ನಿಜ. ಹೊಲಿಗೆ ಗೊತ್ತಿರೋ ಡಿಸೈನರ್ ಬಂದರೆ ಒಂದೇ ಸ್ಯಾಂಪಲ್‌ಗೆ ಕೆಲಸ ಮುಗಿಯುತ್ತೆ. ಇಲ್ಲದಿದ್ದರೆ ಬಿಚ್ಚೋದು, ಹೊಲಿಯೋದು, ಮತ್ತೆ ಬಿಚ್ಚೋದು.

ಪ್ರಶ್ನೆ (ಮಂಡ್ಯ): ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಏನು ಮಾಡಲಿ?

ಉತ್ತರ (ಮೈಸೂರು): ಮನೆ ಹತ್ತಿರದ ಟೈಲರ್ ಆಂಟಿ ಹತ್ತಿರ ಎರಡು ತಿಂಗಳು ಕೂತು ಕಟಿಂಗ್ ಕಲಿ. ಶ್ರೀರಂಗಪಟ್ಟಣ ಹತ್ತಿರದ ಕೊಡಿಯಾಲಕ್ಕೆ ಹೋಗಿ ಮಗ್ಗದಲ್ಲಿ ಹಾಸು-ಹೊಕ್ಕು (ಉದ್ದದ ಎಳೆ, ಅಡ್ಡದ ಎಳೆ) ಹೇಗೆ ಕೂಡುತ್ತದೆ ನೋಡು. ಅಪ್ಪನನ್ನೂ ಕರೆದುಕೊಂಡು ಹೋಗು. ಮೊದಲ ರವಿಕೆ ಹೊಲಿದ ಮೇಲೆ ಇಲ್ಲೇ ಫೋಟೋ ಹಾಕಮ್ಮ. ಒಳಮಗ್ಗುಲಿನದೂ ಹಾಕು, ಹೊಲಿಗೆ ನೋಡಿ ಹೇಳ್ತೀನಿ.