ಕೋವಿಡ್ ಲಸಿಕೆ ಪ್ರಮಾಣಪತ್ರವಿಲ್ಲದ ಶಿಕ್ಷಕರನ್ನು ಖಾಸಗಿ ಶಾಲೆ ಮನೆಗೆ ಕಳುಹಿಸಬಹುದೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ ಜಿಲ್ಲೆ, ಮೇ 2022)

ವಕೀಲರಿಗೆ ನಮಸ್ಕಾರ. ರಾಜ್ಯ ಪಠ್ಯಕ್ರಮದ ಖಾಸಗಿ ಅನುದಾನರಹಿತ ಶಾಲೆಯೊಂದರಲ್ಲಿ ನಾನು ಒಂಬತ್ತು ವರ್ಷಗಳಿಂದ ವಿಜ್ಞಾನ ಬೋಧಿಸುತ್ತಿದ್ದೇನೆ. ಕಳೆದ ವರ್ಷ ಕೋವಿಶೀಲ್ಡ್‌ನ ಮೊದಲ ಡೋಸ್ ಪಡೆದ ಅರ್ಧ ಗಂಟೆಯೊಳಗೆ ಮುಖವೆಲ್ಲ ಊದಿಕೊಂಡು, ಉಸಿರು ಕಟ್ಟಿ, ಎರಡು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ಎರಡನೆಯ ಡೋಸ್ ಕೊಡಬಾರದೆಂದು ಅಲ್ಲಿನ ವೈದ್ಯರು ಬರೆದುಕೊಟ್ಟಿದ್ದಾರೆ. ಮೇ 16ರಂದು ಶಾಲೆ ಆರಂಭವಾದಾಗ ಆಡಳಿತ ಮಂಡಳಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಎರಡೂ ಡೋಸ್ ಪಡೆಯದವರು ವೇತನರಹಿತ ರಜೆಯ ಮೇಲೆ ಹೋಗಬೇಕು. ಜೂನ್ ಕೊನೆಯೊಳಗೆ ಪ್ರಮಾಣಪತ್ರ ತರದಿದ್ದರೆ ರಾಜೀನಾಮೆ ಕೊಡಬೇಕು. ಸಾಲದೆಂಬಂತೆ, ನನ್ನನ್ನೂ ಸೇರಿಸಿ ಮೂವರ ಹೆಸರನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಾರೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಇದೇ ತಿಂಗಳ 2ರಂದು ಹೇಳಿದೆಯಲ್ಲ, ಹಾಗಾದರೆ ಈ ಸುತ್ತೋಲೆ ತಾನಾಗಿಯೇ ರದ್ದಾಗುವುದಿಲ್ಲವೇ?

ಉತ್ತರ (ಸೇವಾ ಪ್ರಕರಣಗಳ ವಕೀಲರು)

ತಾನಾಗಿಯೇ ರದ್ದಾಗುವುದಿಲ್ಲ. ಆದರೆ ನಿಮ್ಮ ಪಕ್ಷ ಬಲವಾಗಿದೆ. ಈ ಎರಡೂ ಮಾತುಗಳನ್ನು ಬಿಡಿಸಿ ಹೇಳಬೇಕು, ಏಕೆಂದರೆ ತೀರ್ಪಿನ ಶೀರ್ಷಿಕೆಯನ್ನಷ್ಟೇ ಓದಿ ಮಂಡಳಿಯ ಮುಂದೆ ವಾದಿಸಿದವರು ಮೊದಲ ಪ್ರಶ್ನೆಗೇ ಸೋಲುವುದನ್ನು ಈ ತಿಂಗಳಲ್ಲಿ ಕಂಡಿದ್ದೇನೆ.

ನೀವು ಹೇಳಿದ ಮೇ 2ರ ತೀರ್ಪು ಬಂದ ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ. ಆರ್. ಗವಾಯಿ ಅವರ ಪೀಠವು ಸರ್ಕಾರದ ಲಸಿಕಾ ನೀತಿಯನ್ನು ಎತ್ತಿಹಿಡಿದಿದೆ. ಲಸಿಕೆ ನಿರರ್ಥಕವೆಂದು ಎಲ್ಲಿಯೂ ಹೇಳಿಲ್ಲ. ಅದರ ಜೊತೆಗೇ, ತನ್ನ ದೇಹದ ಮೇಲಿನ ಅಧಿಕಾರವು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆಯಲ್ಲಿರುವುದರಿಂದ ಒಪ್ಪದವರಿಗೆ ಲಸಿಕೆ ಹಾಕುವಂತಿಲ್ಲವೆಂದಿದೆ. ಸಾರ್ವಜನಿಕ ಆರೋಗ್ಯಕ್ಕಾಗಿ ನಿರ್ಬಂಧಗಳನ್ನು ಹೇರುವ ಅಧಿಕಾರವನ್ನೂ ಅದು ಕಿತ್ತುಕೊಂಡಿಲ್ಲ. ಆದರೆ ಆ ನಿರ್ಬಂಧಕ್ಕೆ ಕಾನೂನಿನ ಆಧಾರವಿರಬೇಕು, ನಿಜವಾದ ಅಗತ್ಯವಿರಬೇಕು, ಮತ್ತು ಅದು ಅಗತ್ಯದ ಅಳತೆಯನ್ನು ಮೀರಬಾರದು. ಈ ಮೂರು ಒರೆಗಲ್ಲುಗಳು ಖಾಸಗಿತನವು ಮೂಲಭೂತ ಹಕ್ಕೆಂದ 2017ರ ತೀರ್ಪಿನಿಂದ ಬಂದವು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ.

ಲಸಿಕೆ ಪಡೆಯದವರು ಪಡೆದವರಿಗಿಂತ ಹೆಚ್ಚಾಗಿ ಸೋಂಕು ಹರಡುತ್ತಾರೆಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಪೀಠದ ಮುಂದೆ ಇಡಲಿಲ್ಲ. ಆ ಕಾರಣದಿಂದ, ಸೋಂಕು ಕಡಿಮೆ ಇರುವವರೆಗೆ ಇಂತಹ ನಿರ್ಬಂಧಗಳನ್ನು ಮರುಪರಿಶೀಲಿಸಬೇಕೆಂದು ಎಲ್ಲ ಪ್ರಾಧಿಕಾರಗಳಿಗೆ, ಖಾಸಗಿ ಸಂಸ್ಥೆಗಳನ್ನೂ ಶಿಕ್ಷಣ ಸಂಸ್ಥೆಗಳನ್ನೂ ಒಳಗೊಂಡು, ಪೀಠವು ಸೂಚಿಸಿತು. ಗಮನಿಸಿ, ಇದು ಸಲಹೆ. ನಿಮ್ಮ ಶಾಲೆಯ ಸುತ್ತೋಲೆಯನ್ನು ರದ್ದುಪಡಿಸಿದ ಆದೇಶವಲ್ಲ. ಅನುದಾನರಹಿತ ಖಾಸಗಿ ಶಾಲೆಯ ವಿರುದ್ಧ 21ನೇ ವಿಧಿಯನ್ನು ಹಿಡಿದು ನೇರವಾಗಿ ಹೈಕೋರ್ಟಿಗೆ ಹೋಗುವ ದಾರಿಯೂ ಸಲೀಸಲ್ಲ.

ನಿಮ್ಮ ನಿಜವಾದ ರಕ್ಷಣೆ ಇನ್ನೂ ಹತ್ತಿರದಲ್ಲಿದೆ. ಕರ್ನಾಟಕ ಶಿಕ್ಷಣ ಅಧಿನಿಯಮ, 1983ರ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸದೆ, ನಿಮ್ಮ ಅಹವಾಲು ಕೇಳದೆ, ಖಾಸಗಿ ಶಾಲೆಯ ನೌಕರರನ್ನು ವಜಾ ಮಾಡುವಂತಿಲ್ಲ, ತೆಗೆದುಹಾಕುವಂತಿಲ್ಲ. ಹಾಗೆ ಮಾಡಿದರೆ, ಆದೇಶ ಕೈಸೇರಿದ ಮೂರು ತಿಂಗಳೊಳಗೆ 94ನೇ ಸೆಕ್ಷನ್ ಅಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಶಾಲೆಯ ಆಡಳಿತ ಮಂಡಳಿ ವಜಾ ಎನ್ನದೆ ರಾಜೀನಾಮೆ ಎನ್ನುತ್ತಿರುವುದರ ಮರ್ಮವೂ ಇದೇ ಎಂಬುದು ನನ್ನ ಅಭಿಪ್ರಾಯ: ನೀವೇ ಬಿಟ್ಟುಹೋದಿರೆಂದಾದರೆ ಮೇಲ್ಮನವಿಗೆ ಆದೇಶವೇ ಇರುವುದಿಲ್ಲ. ಆದ್ದರಿಂದ ದಯವಿಟ್ಟು ರಾಜೀನಾಮೆಗೆ ಸಹಿ ಹಾಕಬೇಡಿ. ರಜಾ ಅರ್ಜಿಯನ್ನೂ ಸ್ವಂತ ಇಚ್ಛೆಯಿಂದೆಂದು ಬರೆಯಬೇಡಿ. ಕೆಲಸಕ್ಕೆ ಸಿದ್ಧಳಿದ್ದೇನೆ, ಸುತ್ತೋಲೆಯ ಕಾರಣದಿಂದ ಹೊರಗಿದ್ದೇನೆ ಎಂದು ಬರೆದು, ವೈದ್ಯರ ಪತ್ರದ ಪ್ರತಿಯನ್ನು ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿಯಾದವರಿಗೆ ಅದೇ ಲಸಿಕೆಯನ್ನು ಮತ್ತೆ ಕೊಡಬಾರದೆಂದು ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಹಾಗಿರುವಾಗ ಮಂಡಳಿ ನಿಮ್ಮಿಂದ ಕೇಳುತ್ತಿರುವುದು, ಯಾವ ವೈದ್ಯರೂ ಕೊಡಲು ಒಪ್ಪದ ಚುಚ್ಚುಮದ್ದನ್ನು.

ಹೆಸರು ಹಾಕಿದ ವಿಷಯ ನನ್ನನ್ನು ಹೆಚ್ಚು ನೋಯಿಸಿತು. ಯಾರಿಗೆ ಯಾವ ಡೋಸ್ ಆಗಿದೆಯೆಂಬುದನ್ನು ಕಚೇರಿಯ ಕಡತದಲ್ಲಿಟ್ಟುಕೊಳ್ಳುವುದು ಬೇರೆ. ಮಕ್ಕಳ ತಂದೆತಾಯಿಯರ ಮುಂದೆ ಶಿಕ್ಷಕಿಯ ಆರೋಗ್ಯದ ಸಂಗತಿಯನ್ನು ಇಟ್ಟು ಅವಮಾನಿಸುವುದು ಬೇರೆ. ಅದನ್ನು ತೆಗೆದುಹಾಕುವಂತೆ ಪ್ರತ್ಯೇಕ ಪತ್ರದಲ್ಲಿ ಇಂದೇ ಕೇಳಿ.

ಪ್ರಶ್ನೆ (ಶಾಲೆಯೊಂದರ ಕಾರ್ಯದರ್ಶಿ, ತುಮಕೂರು, ಮೇ 2022)

ನಾವು ಆಡಳಿತದವರ ಕಷ್ಟವನ್ನೂ ಕೇಳಿ. ಎರಡನೆಯ ಅಲೆಯಲ್ಲಿ ನಮ್ಮ ಇಬ್ಬರು ಶಿಕ್ಷಕರು ತೀರಿಕೊಂಡರು. ಮಕ್ಕಳಿಗೆ ಏನಾದರೂ ಆದರೆ ಪೋಷಕರು ನಮ್ಮನ್ನೇ ಕೇಳುತ್ತಾರೆ. ನಿಯಮವೇ ಬೇಡವೆನ್ನುತ್ತೀರಾ?

ಉತ್ತರ

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. 2021ರ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಬಾಗಿಲು ತೆರೆದಾಗ 18 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಲಸಿಕೆ ಸಿಗುತ್ತಿರಲಿಲ್ಲ. ಅಂದು ಶಿಕ್ಷಕರು ಲಸಿಕೆ ಪಡೆದೇ ಬರಬೇಕೆಂದು ಒತ್ತಾಯಿಸಿದ್ದು ನ್ಯಾಯವಾಗಿತ್ತೆಂದೇ ನಾನು ನಂಬಿದ್ದೇನೆ. ಆಮೇಲೆ ಸಂಗತಿ ಬದಲಾಗಿದೆ. 2022ರ ಜನವರಿ 3ರಿಂದ 15 ವರ್ಷ ಮೇಲ್ಪಟ್ಟ ಮಕ್ಕಳಿಗೆ, ಮಾರ್ಚ್ 16ರಿಂದ 12 ವರ್ಷ ಮೇಲ್ಪಟ್ಟವರಿಗೆ ಲಸಿಕೆ ಸಿಗತೊಡಗಿತು. ಒಮೈಕ್ರಾನ್ ಅಲೆಯಲ್ಲಿ ಎರಡೂ ಡೋಸ್ ಪಡೆದವರಿಗೂ ಸೋಂಕು ತಗುಲಿತು; ಲಸಿಕೆ ಅವರನ್ನು ತೀವ್ರ ಕಾಯಿಲೆಯಿಂದ ಕಾಪಾಡಿತು, ಆದರೆ ಪಕ್ಕದವರಿಗೆ ದಾಟದಂತೆ ಪೂರ್ತಿಯಾಗಿ ತಡೆಯಲಿಲ್ಲ. ಹಾಗಾದರೆ ತರಗತಿಯಲ್ಲಿರುವ ಮಕ್ಕಳನ್ನು ಕಾಯುವುದು ಪ್ರಮಾಣಪತ್ರ ಒಂದೇ ಅಲ್ಲ. ತೆರೆದ ಕಿಟಕಿ, ಮಾಸ್ಕ್, ಮತ್ತು ಜ್ವರ ಬಂದ ಶಿಕ್ಷಕರು ಸಂಬಳ ಕಡಿತದ ಭಯವಿಲ್ಲದೆ ಮನೆಯಲ್ಲಿ ಉಳಿಯಬಹುದಾದ ರಜೆ ಕೂಡ ಬೇಕು. ಈ ಕೊನೆಯದನ್ನು ನಮ್ಮ ಬಹಳಷ್ಟು ಶಾಲೆಗಳು ಯೋಚಿಸಿಯೇ ಇಲ್ಲ.

ನಿಯಮ ಬರೆಯುವಾಗ ವೈದ್ಯಕೀಯ ವಿನಾಯಿತಿಗೆ ಜಾಗವಿಡಿ. ಲಸಿಕೆ ಪಡೆಯಲು ಹೋದ ದಿನಕ್ಕೂ ಮರುದಿನದ ಮೈಕೈ ನೋವಿಗೂ ಸಂಬಳಸಹಿತ ರಜೆ ಕೊಡಿ. ಪ್ರತಿ ಮೂರು ತಿಂಗಳಿಗೊಮ್ಮೆ ನಿಯಮವನ್ನು ಮತ್ತೆ ನೋಡಿ. ಹಿಂಜರಿಯುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಮುಂದೆ ಕೂರಿಸಿ ಮಾತನಾಡಿಸಿ. ನೋಟಿಸಿನಿಂದ ಆಗದ ಕೆಲಸ ಆ ಅರ್ಧ ಗಂಟೆಯಲ್ಲಿ ಆಗಿದ್ದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ (ಶಾಲಾ ವಾಹನ ಚಾಲಕರು, ಹಾಸನ, ಮೇ 2022)

ನನಗೆ ಎರಡು ಡೋಸ್ ಆಗಿದೆ. ಈಗ ಮೂರನೆಯದನ್ನೂ ಸ್ವಂತ ಹಣದಲ್ಲಿ ಹಾಕಿಸಿಕೊಂಡು ಬಾ ಎನ್ನುತ್ತಿದ್ದಾರೆ. ಹಾಕಿಸಿಕೊಳ್ಳಲೇಬೇಕೇ?

ಉತ್ತರ

ಮೊದಲು ದಿನಾಂಕ ನೋಡಿಕೊಳ್ಳಿ. 2022ರ ಮೇ ತಿಂಗಳ ನಿಯಮದಂತೆ, ಎರಡನೆಯ ಡೋಸ್ ಆಗಿ ಒಂಬತ್ತು ತಿಂಗಳು ತುಂಬದಿದ್ದರೆ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೆಯ ಡೋಸ್, ನಿಮಗೆ ಸಿಗುವುದೇ ಇಲ್ಲ. ಇಲ್ಲದ್ದನ್ನು ತಾ ಎಂದು ಶಾಲೆ ಕೇಳಲಾಗದು. ಅವಧಿ ತುಂಬಿದ್ದರೂ, 2022ರ ಮೇ ತಿಂಗಳ ದರದಂತೆ 60 ವರ್ಷದೊಳಗಿನವರಿಗೆ ಅದು ಖಾಸಗಿ ಕೇಂದ್ರದಲ್ಲಿ ಲಸಿಕೆಗೆ 225 ರೂಪಾಯಿ, ಸೇವಾ ಶುಲ್ಕ 150 ರೂಪಾಯಿವರೆಗೆ, ತೆರಿಗೆ ಬೇರೆ. ಶಾಲೆ ತನ್ನ ಅಗತ್ಯಕ್ಕಾಗಿ ಕೇಳುತ್ತಿದ್ದರೆ ಶಾಲೆಯೇ ಆ ಖರ್ಚನ್ನು ಭರಿಸಬೇಕೆಂದು ಲಿಖಿತವಾಗಿ ಕೇಳಿ. ನಿಮಗೆ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ ಶಾಲೆಯ ಮಾತನ್ನು ಪಕ್ಕಕ್ಕಿಟ್ಟು, ನಿಮ್ಮ ಮನೆಯವರ ಸಲುವಾಗಿ, ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ.