ಪದ ಬೇಕು: ಪವರ್ ಸಪ್ಲೈಯ ‘ಹಾಟ್ ಸೈಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಪವರ್ ಸಪ್ಲೈ ಬಳಸುವ ಅಧ್ಯಾಯದಲ್ಲಿ ಎರಡು ಪದಗಳಿಗೆ ಸಿಕ್ಕಿಕೊಂಡಿದ್ದೇನೆ: ಹಾಟ್ ಸೈಡ್, ಕೋಲ್ಡ್ ಸೈಡ್.

ಹಾಟ್ ಸೈಡ್ ಅಂದರೆ ಮೇನ್ಸ್‌ಗೆ (ಗೋಡೆಯ ಪ್ಲಗ್‌ನಿಂದ ಬರುವ ಕರೆಂಟ್‌ಗೆ) ನೇರವಾಗಿ ಸೇರಿದ ಭಾಗ. 230 ವೋಲ್ಟ್ ಎಸಿ ರೆಕ್ಟಿಫೈಯರ್ ದಾಟಿ, ಸುಮಾರು 325 ವೋಲ್ಟ್ ಡಿಸಿ ಆಗಿ ಅಲ್ಲಿನ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪುಟ್ಟ ಫೆರೈಟ್ ಟ್ರಾನ್ಸ್‌ಫಾರ್ಮರ್‌ನ ಆಚೆಗಿರುವುದು ಕೋಲ್ಡ್ ಸೈಡ್. ಎಷ್ಟೋ ಬೋರ್ಡುಗಳಲ್ಲಿ ಎರಡರ ನಡುವೆ ಗೆರೆಯನ್ನೇ ಎಳೆದಿರುತ್ತಾರೆ.

ಮೊದಲ ಕರಡಿನಲ್ಲಿ ‘ಬಿಸಿ ಬದಿ’, ‘ತಣ್ಣನೆ ಬದಿ’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು ಕೇಳಿದರು: “ಹೀಟ್‌ಸಿಂಕ್ ಬಿಸಿ ಇಲ್ಲದಿದ್ದರೆ ಮುಟ್ಟಬಹುದು, ಅಲ್ವಾ?” ಎದೆ ಝಲ್ ಎಂದಿತು. ಆ ಬದಿಯ ಹೀಟ್‌ಸಿಂಕ್ (ಬಿಸಿಯನ್ನು ಹೊರಹಾಕುವ ಲೋಹದ ತುಂಡು) ಕೆಲವು ಸಪ್ಲೈಗಳಲ್ಲಿ ಮೇನ್ಸ್‌ಗೇ ಸೇರಿರುತ್ತದೆ. ಕೈಗೆ ತಣ್ಣಗಿದ್ದರೂ ಶಾಕ್ ಹೊಡೆಯುತ್ತದೆ. ನಾವು ‘ಬೆಲೆ ಏರಿಕೆಯ ಬಿಸಿ ತಟ್ಟಿತು’ ಅನ್ನುತ್ತೇವೆ, ನಿಜ. ಆದರೆ ಕರೆಂಟ್ ಇದೆ ಅನ್ನುವ ಅರ್ಥ ಬಿಸಿಗೆ ಬಂದಿಲ್ಲ.

‘ತಣ್ಣನೆ’ ಇನ್ನೂ ಅಪಾಯ. ಜಗಳ ತಣ್ಣಗಾಯಿತು ಅಂದರೆ ಇನ್ನು ಭಯವಿಲ್ಲ ಅಂತ ತಾನೇ? ಫೋನ್ ಚಾರ್ಜರ್‌ನ ಆ ಬದಿಯಲ್ಲಿ 5 ವೋಲ್ಟ್, ನಡೆದೀತು. ವಾಲ್ವಿನ ಪ್ಲೇಟಿಗೆ ಹೋಗುವ ಸಪ್ಲೈಯಲ್ಲಿ ಅದೇ ಬದಿಯಲ್ಲಿ 250ರಿಂದ 400 ವೋಲ್ಟ್ ಇರುತ್ತದೆ. ಮೇನ್ಸ್‌ನಿಂದ ಬೇರ್ಪಟ್ಟಿದ್ದರೂ ಒಂದು ಕೈ ಪ್ಲಸ್‌ಗೆ, ಇನ್ನೊಂದು ಚಾಸಿಗೆ (ಲೋಹದ ಚೌಕಟ್ಟಿಗೆ) ತಾಗಿದರೆ ಜೀವ ಹೋಗಬಹುದು.

ಸದ್ಯಕ್ಕೆ ‘ಮೇನ್ಸ್ ಬದಿ’, ‘ಔಟ್‌ಪುಟ್ ಬದಿ’ ಅಂತ ಬದಲಿಸಿದ್ದೇನೆ. ಐಸೊಲೇಟೆಡ್ ಅನ್ನುವುದಕ್ಕೆ ‘ಬೇರ್ಪಡಿಸಿದ’ ಸಾಕು. ಕೆಲವರು ಸೂಚಿಸಿದ ‘ಸುರಕ್ಷಿತ’ ಖಂಡಿತ ಬೇಡ. ಲೈವ್‌ಗೆ ‘ಜೀವಂತ ತಂತಿ’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ‘ಕರೆಂಟ್ ಇರುವ ವೈರ್’ ಅಂದರೆ ಯಾರಿಗಾದರೂ ತಿಳಿಯುತ್ತದೆ.

ಆದರೆ ಅಲ್ಲೇ ಇನ್ನೊಂದು ತೊಡಕು. ಪ್ಲಗ್ ಕಿತ್ತರೆ ನಮ್ಮ ಮಾತಿನಲ್ಲಿ ಕರೆಂಟ್ ‘ಹೋಯಿತು’. ಕೆಪಾಸಿಟರ್‌ನಲ್ಲಿ ಮಾತ್ರ ಹೋಗಿರುವುದಿಲ್ಲ. 400 ವೋಲ್ಟ್ ತುಂಬಿದ 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ 8 ಜೂಲ್ ಶಕ್ತಿ ಇರುತ್ತದೆ. ಅದರ ಮೇಲೆ 100 ಕಿಲೋಓಮ್‌ನ ಬ್ಲೀಡರ್ (ಆ ಚಾರ್ಜನ್ನು ನಿಧಾನವಾಗಿ ಖಾಲಿ ಮಾಡುವ ರೆಸಿಸ್ಟರ್) ಹಾಕಿದ್ದರೂ ಪೂರ್ತಿ ಇಳಿಯಲು ಹತ್ತಿರ ಹತ್ತಿರ 50 ಸೆಕೆಂಡು ಬೇಕು. ಬ್ಲೀಡರ್ ಸುಟ್ಟುಹೋಗಿದ್ದರೆ ಇನ್ನೂ ಎಷ್ಟೋ ಹೊತ್ತು. ಮೀಟರ್ ಹಿಡಿದು ನೋಡದೆ ಕೈ ಹಾಕಲೇಬಾರದು. ಬ್ಲೀಡರ್‌ಗೆ ‘ಬಸಿಯುವ ರೆಸಿಸ್ಟರ್’ ಅನ್ನುವುದು ನನಗೆ ತುಂಬಾ ಇಷ್ಟವಾಯಿತು. ಕೆಲಸವೂ ಅದೇ, ಹೆಸರೂ ಅದೇ.

ಈಗ ಕೇಳಬೇಕಾದ್ದು ಇದು. ಪ್ಲಗ್ ಕಿತ್ತ ಮೇಲೂ ಹೀಗೆ ಒಳಗೆ ಉಳಿದಿರುವುದನ್ನು ಹೇಳಲು ರೇಡಿಯೋ, ಟಿವಿ ರಿಪೇರಿ ಮಾಡುವವರ ಬಾಯಲ್ಲಿ ಯಾವುದಾದರೂ ಮಾತು ಕೇಳಿದ್ದೀರಾ? ‘ಚಾರ್ಜ್ ಉಳಿದಿದೆ’ ಅಂತ ಬರೆದಿದ್ದೇನೆ. ಓದಿದ ಕೂಡಲೇ ಕೈ ಹಿಂದೆ ಸರಿಯುವಂಥ ಪದ ಬೇಕು.