34ಕ್ಕೇ ಮುಟ್ಟು ನಿಂತಿದೆ, ಹಾರ್ಮೋನ್ ಮಾತ್ರೆ ತಗೊಳ್ಳಬಹುದಾ?

ದಾವಣಗೆರೆ_ಅಮ್ಮ: ನನಗೆ 34 ವರ್ಷ. ಆರು ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ನಿದ್ದೆಯೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಎಫ್‌ಎಸ್‌ಎಚ್ (ಅಂಡಾಶಯ ಸೋತಾಗ ಏರುವ ಹಾರ್ಮೋನ್) 68 ಬಂತು. ತಿಂಗಳು ಬಿಟ್ಟು ಮಾಡಿಸಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ಅಂಡಾಶಯ ಬೇಗ ಸೋತಿದೆ, 50ರ ತನಕ ಹಾರ್ಮೋನ್ ಮಾತ್ರೆ ಬೇಕು ಅಂದರು ಡಾಕ್ಟರು. ಅತ್ತೆ ಮಾತ್ರ, "ಅದನ್ನ ತಿಂದ್ರೆ ಕ್ಯಾನ್ಸರ್ ಬರುತ್ತೆ, ಮುಟ್ಟಿನ ಕಾಟ ತಪ್ಪಿತು ಅಂದ್ಕೋ" ಅಂತಾರೆ. ಒಬ್ಬಳು ಮಗಳಿದ್ದಾಳೆ, ಇನ್ನೊಂದು ಮಗು ಬೇಕಿತ್ತು. ಏನು ಮಾಡಲಿ?

ಹಾಸನದ_ಅಕ್ಕ: ತಂಗಿ, ನನಗೆ 31ಕ್ಕೇ ಹೀಗಾಯ್ತು. ಮಾತ್ರೆ ಬಿಡಬೇಡ. ಕ್ಯಾನ್ಸರ್ ಭಯ ಹಬ್ಬಿದ್ದು 2002ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಅಧ್ಯಯನದಿಂದ. ಅದರಲ್ಲಿ ಇದ್ದವರು 50 ದಾಟಿದವರು, ಸರಾಸರಿ ವಯಸ್ಸು 63. ನಮ್ಮ ಲೆಕ್ಕವೇ ಬೇರೆ. ಈ ವಯಸ್ಸಲ್ಲಿ ದೇಹವೇ ಮಾಡಿಕೊಳ್ಳಬೇಕಿದ್ದ ಈಸ್ಟ್ರೋಜನ್ ಅನ್ನು ನಾವು ಹೊರಗಿನಿಂದ ಕೊಡುತ್ತಿದ್ದೇವೆ ಅಷ್ಟೇ. ಅದು ಇಲ್ಲದಿದ್ದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ನನ್ನ ಬೆನ್ನುಮೂಳೆ ಆಗಲೇ ತೆಳುವಾಗಿತ್ತು. ನೀನೂ ಮಾಡಿಸು. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತಗೊಳ್ಳಬಾರದು, ಒಳಪದರ ದಪ್ಪವಾಗುತ್ತದೆ. ಜೊತೆಗೆ ಪ್ರೊಜೆಸ್ಟರಾನ್ ಕೊಡುವುದು ಅದಕ್ಕೇ.

ಬೆಳಗಾವಿ_ಓದುಗಿ: ಒಂದು ಮಾತು ಸೇರಿಸುತ್ತೇನೆ. ನನಗೆ ಸ್ತನ ಕ್ಯಾನ್ಸರ್‌ಗೆ ಕೀಮೋ ಆದಮೇಲೆ ಮುಟ್ಟು ನಿಂತಿತು. ನನ್ನಂಥವರಿಗೆ ಈ ಮಾತ್ರೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ದಾವಣಗೆರೆ_ಅಮ್ಮ: ಮನೆಯಲ್ಲಿ ಯಾರಿಗೂ ಇಲ್ಲ ಅಕ್ಕ. ಮಗುವಿನ ಆಸೆ ಬಿಟ್ಟುಬಿಡಬೇಕಾ?

ಹಾಸನದ_ಅಕ್ಕ: ಪೂರ್ತಿ ಬಿಡಬೇಕಿಲ್ಲ. ಇದು ಮೆನೋಪಾಸ್ ಥರ ಪೂರ್ತಿ ಬಾಗಿಲು ಹಾಕಿದ್ದಲ್ಲ. ನಡುನಡುವೆ ಅಂಡಾಶಯ ಕೆಲಸ ಮಾಡುತ್ತದೆ. 100ರಲ್ಲಿ ಸುಮಾರು 5 ಜನರಿಗೆ ತಾನಾಗೇ ಗರ್ಭ ನಿಲ್ಲುತ್ತದೆ. ಈ ಮಾತ್ರೆ ಅದನ್ನು ತಡೆಯುವುದಿಲ್ಲ. ಕಾಯಲು ಆಗದಿದ್ದರೆ ದಾನಿಯ ಅಂಡದಿಂದ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವುದು) ಇದೆ. 2021ರ ಕಾನೂನಿನಂತೆ ದಾನಿಗೆ 23ರಿಂದ 35 ವರ್ಷ ಆಗಿರಬೇಕು, ಆಕೆ ಬದುಕಿನಲ್ಲಿ ಒಂದೇ ಸಲ ಕೊಡಬಹುದು. ಈ ನಿರ್ಧಾರಕ್ಕೆ ನಾನಂತೂ ತುಂಬಾ ಅತ್ತಿದ್ದೇನೆ, ಅವಸರ ಮಾಡಬೇಡ.

ಕಾರಣ ಬಹಳ ಜನರಿಗೆ ಸಿಗುವುದೇ ಇಲ್ಲ. ಆದರೂ ಥೈರಾಯ್ಡ್, ಕ್ರೋಮೋಸೋಮ್, ಎಫ್‌ಎಂಆರ್1 ಜೀನ್ ಪರೀಕ್ಷೆ ಮಾಡಿಸು. ಆ ಜೀನ್‌ನಲ್ಲಿ ವ್ಯತ್ಯಾಸ ಇದ್ದರೆ ಮಗಳಿಗೂ ಬಂದಿರಬಹುದು. ಮದುವೆ, ಮಗು ಆಮೇಲೆ ಅಂತ ಮುಂದೂಡುತ್ತಿರುವ ಅಕ್ಕತಂಗಿಯರಿದ್ದರೆ ಅವರಿಗೂ ಈಗಲೇ ಹೇಳು.